ಎಫ್‌ಎಲ್‌ಸಿಎಲ್ ಅರ್ಥವಾಗಲಿಲ್ಲವೇ? ರೋಬೋ ಪಕ್ಕಕ್ಕಿಟ್ಟು ಹುಡುಗನನ್ನು ನೋಡಿ

ಪ್ರಶ್ನೆ: ನಾನು ಇಂಜಿನಿಯರಿಂಗ್ ಓದುತ್ತಿದ್ದೇನೆ. ಗೆಳೆಯರ ಮಾತು ಕೇಳಿ ಜಪಾನಿನ ‘ಎಫ್‌ಎಲ್‌ಸಿಎಲ್’ ಅನಿಮೆ (ಕಾರ್ಟೂನ್ ಸರಣಿ) ನೋಡಿದೆ. ಇರುವುದು ಆರೇ ಎಪಿಸೋಡ್. ಆದರೂ ತಲೆ ಗಿರ್ ಅಂತು. ಹುಡುಗನ ಹಣೆಯಿಂದ ರೋಬೋ ಬರುತ್ತದೆ, ಊರಿನಲ್ಲಿ ಇಸ್ತ್ರಿ ಪೆಟ್ಟಿಗೆಯಂಥ ಫ್ಯಾಕ್ಟರಿ ಇದೆ, ಒಬ್ಬ ಹೆಂಗಸು ಗಿಟಾರ್‌ನಿಂದ ಎಲ್ಲರ ತಲೆಗೂ ಬಾರಿಸುತ್ತಾಳೆ. ಒಬ್ಬ ಗೆಳೆಯ ಇದೆಲ್ಲ ಹರೆಯದ ಸಂಕೇತ ಅನ್ನುತ್ತಾನೆ. ಇನ್ನೊಬ್ಬ ಇದಕ್ಕೆ ಅರ್ಥವೇ ಇಲ್ಲ, ಸುಮ್ನೆ ಮಜಾಕ್ಕೆ ಮಾಡಿದ್ದು ಅನ್ನುತ್ತಾನೆ. ಗೆಳತಿಯೊಬ್ಬಳು ಮಾತ್ರ ‘ಇದು ಚಿಕ್ಕ ಹುಡುಗನನ್ನು ಎಲ್ಲರೂ ಬಳಸಿಕೊಳ್ಳುವ ಕತೆ, ನನಗೆ ನೋಡಕ್ಕಾಗಲಿಲ್ಲ’ ಅಂದಳು. ಯಾರು ಹೇಳಿದ್ದು ಸರಿ? ಮುಂದೆ ಬಂದ ಸೀಸನ್‌ಗಳನ್ನೂ ನೋಡಬೇಕಾ? ಎಂಟನೇ ಕ್ಲಾಸಿನ ತಂಗಿ ತಾನೂ ನೋಡಬೇಕು ಅಂತ ಹಟ ಹಿಡಿದಿದ್ದಾಳೆ. ತೋರಿಸಬಹುದಾ?

ಉತ್ತರ: ಮೂವರಲ್ಲಿ ಕತೆಯ ಹತ್ತಿರಕ್ಕೆ ಹೋದವರು ನಿಮ್ಮ ಗೆಳತಿ. ಅವರು ನೋಡುವುದನ್ನು ಅಲ್ಲಿಗೇ ನಿಲ್ಲಿಸಿದ್ದರೂ ಪರವಾಗಿಲ್ಲ. ಆರೂ ಎಪಿಸೋಡ್ ಮುಗಿಸಿ ರೋಬೋಗಳ ಅರ್ಥ ಹುಡುಕುತ್ತಾ ಕೂತವರಿಗಿಂತ ಅವರು ಜಾಸ್ತಿ ಕಂಡಿದ್ದಾರೆ. ಯಾಕೆ ಅಂತ ಹೇಳುತ್ತೇನೆ. ಕೊನೆಯ ಎಪಿಸೋಡಿನ ವಿಷಯವೂ ಬರುತ್ತದೆ, ನೀವು ನೋಡಿಯಾಗಿರುವುದರಿಂದ ತೊಂದರೆ ಇಲ್ಲ.

ಇನ್ನೂ ನೋಡದ ಓದುಗರಿಗಾಗಿ ಕತೆ ಸ್ವಲ್ಪದರಲ್ಲಿ. ಮಬಾಸೆ ಅನ್ನುವ ಊರು. ಅಲ್ಲಿ ಆರನೇ ಕ್ಲಾಸಿನ ನವೊತಾ, 12 ವರ್ಷದವನು. ಅಣ್ಣ ತಾಸುಕು ಬೇಸ್‌ಬಾಲ್ ಆಡಲು ಅಮೆರಿಕಕ್ಕೆ ಹೋಗಿದ್ದಾನೆ. ಅಣ್ಣನ ಗೆಳತಿ ಮಾಮಿಮಿ, 17 ವರ್ಷದವಳು, ಅಣ್ಣ ಇಲ್ಲದ ಹೊತ್ತಿನಲ್ಲಿ ತಮ್ಮನಿಗೆ ಅಂಟಿಕೊಂಡಿದ್ದಾಳೆ. ಒಂದು ದಿನ ಹರುಕೊ ಅನ್ನುವವಳು ಹಳದಿ ವೆಸ್ಪಾ ಸ್ಕೂಟರಿನಲ್ಲಿ ಬಂದು ನವೊತಾಗೆ ಗುದ್ದುತ್ತಾಳೆ, ಆಮೇಲೆ ರಿಕನ್‌ಬ್ಯಾಕರ್ ಬೇಸ್ ಗಿಟಾರ್‌ನಿಂದ ಹಣೆಗೆ ಹೊಡೆಯುತ್ತಾಳೆ. ಹಣೆಯಲ್ಲಿ ಕೊಂಬು ಏಳುತ್ತದೆ. ಕೊಂಬಿನಿಂದ ಟೀವಿಯಂಥ ತಲೆಯ ರೋಬೋ ಹೊರಬರುತ್ತದೆ. ಅದೇ ಕಾಂಟಿ. ಹರುಕೊ ನವೊತಾನ ಮನೆಯಲ್ಲೇ ಕೆಲಸದವಳಾಗಿ ಸೇರಿಕೊಳ್ಳುತ್ತಾಳೆ. ಅಲ್ಲಿಂದ ಆರು ಎಪಿಸೋಡ್ ಗಲಾಟೆಯೋ ಗಲಾಟೆ.

ಇದನ್ನು ಮಾಡಿದವರು ಯಾರು ಅನ್ನುವುದು ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಪಟ್ಟಿದೆ. ನಿರ್ದೇಶಕ ಕಜುಯಾ ತ್ಸುರುಮಾಕಿ. ಬರೆದವರು ಯೋಜಿ ಎನೊಕಿದೊ. ಪಾತ್ರಗಳ ರೂಪ ಯೋಶಿಯುಕಿ ಸಾದಾಮೊಟೊ ಅವರದು. ಗೈನಾಕ್ಸ್ ಮತ್ತು ಪ್ರೊಡಕ್ಷನ್ ಐ.ಜಿ. ಸ್ಟುಡಿಯೋಗಳು ಸೇರಿ ತಯಾರಿಸಿದವು. ತ್ಸುರುಮಾಕಿ ಇದಕ್ಕೆ ಮೊದಲು ಅದೇ ಗೈನಾಕ್ಸ್‌ನ ದೈತ್ಯ ರೋಬೋ ಸರಣಿ ‘ಎವಾಂಗೆಲಿಯನ್’ನಲ್ಲಿ ಸಹಾಯಕ ನಿರ್ದೇಶಕರಾಗಿದ್ದರು. 1995-96ರಲ್ಲಿ ಬಂದ ಆ ಸರಣಿಯಲ್ಲಿ ಶಿಲುಬೆಗಳು, ದೇವದೂತರ ಹೆಸರುಗಳು ತುಂಬಿದ್ದವು. ಅಭಿಮಾನಿಗಳು ವರ್ಷಗಟ್ಟಲೆ ಅವುಗಳ ಗುಟ್ಟು ಬಿಡಿಸುತ್ತಾ ಕೂತರು. ಕೊನೆಗೆ ತ್ಸುರುಮಾಕಿಯವರೇ ವಿಷಯ ಹೇಳಿದರು. ದೈತ್ಯ ರೋಬೋ ಕತೆಗಳು ಜಪಾನಿನಲ್ಲಿ ಬೇಕಾದಷ್ಟಿವೆ, ತಮ್ಮದು ಬೇರೆ ಥರ ಕಾಣಲಿ ಅಂತ ಕ್ರೈಸ್ತ ಚಿಹ್ನೆಗಳನ್ನು ತಂದರಂತೆ. ಆ ಧರ್ಮ ಅಲ್ಲಿ ಅಪರೂಪ, ಹಾಗಾಗಿ ನಿಗೂಢವಾಗಿ ಕಾಣುತ್ತದೆ ಅನ್ನುವುದು ಅವರ ಲೆಕ್ಕ.

ಅಂಥ ನಿರ್ದೇಶಕ ಮುಂದೆ ಮಾಡಿದ ಕೆಲಸ ಎಫ್‌ಎಲ್‌ಸಿಎಲ್. ಒಂದೊಂದು ವಸ್ತುವಿಗೂ ಒಂದೊಂದು ಗುಟ್ಟಿನ ಅರ್ಥ ಇದ್ದೇ ಇರಬೇಕು ಅಂತ ಅಂದುಕೊಳ್ಳಲು ಇಲ್ಲಿ ಕಾರಣವಿಲ್ಲ. ತಲೆಯಿಂದ ಹುಟ್ಟುವ ರೋಬೋ ಬಗ್ಗೆ ಅವರು ಕೊಟ್ಟ ವಿವರಣೆ ಇನ್ನೂ ಸರಳ. ಈ ಸರಣಿ ತಮ್ಮ ತಲೆಯಿಂದ ಹೊರಬಂದ ಬಗೆಯೇ ಅದು ಅಂದರು. ರೋಬೋ ಊರನ್ನು ಹಾಳು ಮಾಡಿದ ಹಾಗೆ, ತಾವು ಈ ಕೆಲಸದಲ್ಲಿ ಮುಳುಗಿದಷ್ಟೂ ಗೈನಾಕ್ಸ್‌ನ ನೆಮ್ಮದಿ ಕೆಟ್ಟಿತು ಅಂತಲೂ ಹೇಳಿಕೊಂಡರು.

ಹಾಗಂತ ನಿಮ್ಮ ಎರಡನೇ ಗೆಳೆಯ ಗೆದ್ದ ಹಾಗಾಗಲಿಲ್ಲ. ವಸ್ತುಗಳಿಗೆ ಗುಟ್ಟಿನ ಅರ್ಥ ಇಲ್ಲ ಅಂದರೆ ಕತೆಗೇ ಅರ್ಥ ಇಲ್ಲ ಅಂತಲ್ಲ. ಎನೊಕಿದೊ ಬಹಳ ಹುಷಾರಾಗಿ ಬರೆಯುವವರು. ‘ರೆವಲ್ಯೂಷನರಿ ಗರ್ಲ್ ಉತೆನಾ’ ಸರಣಿಗೂ ಬರೆದವರು. ಅದೂ ಹರೆಯದ ಕತೆಯೇ, ಅದೂ ವಿಚಿತ್ರ ದೃಶ್ಯಗಳಿಂದ ತುಂಬಿದ್ದೇ. ಅವರ ಬರವಣಿಗೆಯಲ್ಲಿ ಅಸಂಬದ್ಧ ಅನಿಸುವ ಘಟನೆ ಕೂಡ ಸರಿಯಾಗಿ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡ ಜಾಗದಲ್ಲೇ ನಡೆಯುತ್ತದೆ.

ಎಫ್‌ಎಲ್‌ಸಿಎಲ್ ನೋಡುವಾಗ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ. ಈ ವಿಚಿತ್ರ ನಡೆಯುವುದಕ್ಕೆ ಸ್ವಲ್ಪ ಮುಂಚೆ ನವೊತಾ ಯಾರ ಜೊತೆ ಇದ್ದ, ಅವರಿಗೆ ಏನು ಹೇಳಲು ಆಗದೆ ಸುಮ್ಮನಾದ? ಹೀಗೆ ಕೇಳಿಕೊಂಡು ನೋಡಿದರೆ ಅಭಿಮಾನಿಗಳು ಕೊಟ್ಟಿರುವ ಅರ್ಥಗಳಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಉದುರುತ್ತದೆ ಅನ್ನುವುದು ನಿಮಗೇ ತಿಳಿಯುತ್ತದೆ.

ಮೊದಲ ಎಪಿಸೋಡನ್ನೇ ತಗೊಳ್ಳಿ. ಅಮೆರಿಕದಿಂದ ಅಣ್ಣನ ಪತ್ರ ಬಂದಿದೆ. ಅದರಲ್ಲಿ ಅಣ್ಣನ ಹೊಸ ಗೆಳತಿಯ ಫೋಟೋ ಇದೆ. ಮಾಮಿಮಿ ಇನ್ನೂ ತಾಸುಕುನ ದಾರಿ ಕಾಯುತ್ತಿದ್ದಾಳೆ. ಈ ವಿಷಯ ಅವಳಿಗೆ ಹೇಳುವುದು ಹೇಗೆ? ಹೇಳಿದರೆ ಅವಳು ಒಡೆದುಹೋಗುತ್ತಾಳೆ. ಹೇಳದಿದ್ದರೆ ಅವಳು ನವೊತಾನಲ್ಲಿ ಅಣ್ಣನನ್ನೇ ನೋಡುತ್ತಿರುತ್ತಾಳೆ. ಅದು ಅವನಿಗೆ ಇಷ್ಟವೂ ಹೌದು, ಅಸಹ್ಯವೂ ಹೌದು. ಇಂಥ ಹೊತ್ತಿನಲ್ಲಿ ಅವನ ಹಣೆಯಲ್ಲಿ ಕೊಂಬು ಬರುತ್ತದೆ. ಅವನು ಅದನ್ನು ಒತ್ತಿ ಒಳಗೆ ಕಳಿಸುತ್ತಾನೆ, ಬ್ಯಾಂಡೇಜ್ ಹಾಕಿ ಮುಚ್ಚುತ್ತಾನೆ. ಇದು ಹರೆಯದ ಮೈಯ ಬದಲಾವಣೆ ಅಂತ ನಿಮ್ಮ ಮೊದಲ ಗೆಳೆಯ ಹೇಳುವುದು ತಪ್ಪಲ್ಲ. ಅದು ಎಲ್ಲರ ಕಣ್ಣಿಗೂ ಬೀಳುವ ಹಾಗೇ ಇದೆ. ಆದರೆ ಅಲ್ಲಿಗೇ ನಿಂತರೆ ಪತ್ರ, ಫೋಟೋ, ಮಾಮಿಮಿ ಎಲ್ಲ ಕೈಬಿಟ್ಟು ಹೋಗುತ್ತವೆ. ಮೈ ಬೆಳೆಯುವುದು ಎಲ್ಲ ಹುಡುಗರಿಗೂ ಆಗುತ್ತದೆ. ಅಣ್ಣನ ಜಾಗದಲ್ಲಿ ನಿಲ್ಲಬೇಕಾಗಿ ಬಂದಿದ್ದು ನವೊತಾಗೆ ಮಾತ್ರ.

ಮಾಮಿಮಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನೋಡುಗರು ತೀರಾ ಬೇರೆ ಬೇರೆಯಾಗಿ ಒಡೆದು ನಿಲ್ಲುವುದು ಇವಳ ವಿಷಯದಲ್ಲೇ. ಅವಳು ನವೊತಾನನ್ನು ‘ತಕ್ಕುನ್’ ಅನ್ನುತ್ತಾಳೆ. ಅದು ಅಣ್ಣ ತಾಸುಕುಗೆ ಅವಳು ಇಟ್ಟಿದ್ದ ಮುದ್ದಿನ ಹೆಸರು. ಆಮೇಲೆ ಒಂದು ಬೆಕ್ಕಿನ ಮರಿಗೂ ಅದೇ ಹೆಸರು. ಕೊನೆಯ ಎಪಿಸೋಡಿನಲ್ಲಿ ಸಿಕ್ಕ ಪುಟ್ಟ ಯಂತ್ರದ ಮರಿಗೂ ಅದೇ ಹೆಸರು ಇಟ್ಟು, ಅದಕ್ಕೆ ಮೊಬೈಲು, ಗಾಡಿ ತಿನ್ನಿಸಿ ಸಾಕುತ್ತಾಳೆ. ಒಂದೇ ಖಾಲಿ ಜಾಗ. ಸಿಕ್ಕಿದ್ದನ್ನೆಲ್ಲ ತಂದು ಅಲ್ಲಿ ಕೂರಿಸುತ್ತಾಳೆ. ಕಾಂಟಿಯನ್ನು ಅವಳು ತಾನು ಆಡುವ ವಿಡಿಯೋ ಗೇಮಿನ ದೇವರು ಅಂತ ನಂಬಿ ಪೂಜಿಸುವುದೂ ಇದೇ ಕಾರಣಕ್ಕೆ. ಎರಡನೇ ಎಪಿಸೋಡಿನ ಬೆಂಕಿ ಕತೆಯೂ ಇಲ್ಲಿಗೇ ಬರುತ್ತದೆ. ಹಿಂದೆ ಶಾಲೆಗೆ ಬೆಂಕಿ ಬಿದ್ದಾಗ ತಾಸುಕು ಅವಳನ್ನು ಕಾಪಾಡಿದ್ದ. ಈಗ ಊರಿನಲ್ಲಿ ಮತ್ತೆ ಬೆಂಕಿ ಬೀಳುತ್ತಿದೆ. ಕಾಪಾಡುವವರು ಬರಲಿ ಅಂತ ಬೆಂಕಿ ಹಚ್ಚುವವಳನ್ನು ಏನೆಂದು ಕರೆಯಬೇಕು? ಕೆಲವರು ಅವಳನ್ನು ದುಷ್ಟೆ ಅನ್ನುತ್ತಾರೆ, ಕೆಲವರು ಸರಣಿಯಲ್ಲೇ ಅತಿ ನೋವು ತಿಂದವಳು ಅನ್ನುತ್ತಾರೆ. ಎರಡೂ ಮಾತಿಗೆ ಕತೆಯಲ್ಲಿ ಆಧಾರ ಇದೆ. 17ರ ಹುಡುಗಿ 12ರ ಹುಡುಗನನ್ನು ತಬ್ಬಿಕೊಂಡು ಅಣ್ಣನ ನೆನಪು ತೀರಿಸಿಕೊಳ್ಳುವುದು ತಪ್ಪು. ಅವಳನ್ನು ನೋಡಿಕೊಳ್ಳುವವರು ಯಾರೂ ಇಲ್ಲದಿರುವುದೂ ನಿಜ.

ನಿಮ್ಮ ಗೆಳತಿ ಹೇಳಿದ್ದು ಇದನ್ನೇ ಅಲ್ವಾ? ನವೊತಾನ ಸುತ್ತ ಇರುವ ಒಬ್ಬೊಬ್ಬರಿಗೂ ಅವನಿಂದ ಏನೋ ಬೇಕು. ಮಾಮಿಮಿಗೆ ಅಣ್ಣನ ಬದಲು ಒಬ್ಬ ಬೇಕು. ಹರುಕೊಗೆ ಅವನ ತಲೆ ಬೇಕು. ಬಾಹ್ಯಾಕಾಶದಲ್ಲಿ ಎಲ್ಲೋ ಸೆರೆಯಾಗಿರುವ ಕಡಲ್ಗಳ್ಳರ ರಾಜ ಅಟೊಮ್ಸ್ಕ್‌ನ ಹತ್ತಿರ ಹೋಗಲು ಅವನ ತಲೆಯೇ ಅವಳಿಗೆ ದಾರಿ. ಅವನ ಅಪ್ಪನಿಗೂ ಹರುಕೊ ಮೇಲೆ ಕಣ್ಣು. ಇವನಿಗೆ ಏನು ಬೇಕು ಅಂತ ಯಾರೂ ಕೇಳುವುದಿಲ್ಲ. ಸರಣಿ ಇದನ್ನೆಲ್ಲ ನಗಿಸುತ್ತಾ ತೋರಿಸುತ್ತದೆ. ಕೆಲವು ಕಡೆ ನಗು ಅತಿಯಾಗಿದೆ, ಹುಡುಗನ ಮುಜುಗರವನ್ನೇ ತಮಾಷೆ ಮಾಡಿದ್ದು ನನಗೆ ಹಿಡಿಸುವುದಿಲ್ಲ. ಅದನ್ನು ಮೆಚ್ಚಲೇಬೇಕು ಅಂತ ನಾನು ಯಾರಿಗೂ ಹೇಳುವುದಿಲ್ಲ. ಆದರೆ ಕತೆ ಹುಡುಗನ ಪಕ್ಷ ಬಿಡುವುದಿಲ್ಲ. ಅವನ ಮುಖದ ಮೇಲೆ ಕ್ಯಾಮೆರಾ ನಿಲ್ಲುವ ಹೊತ್ತಿನಲ್ಲಿ ನಗು ನಿಂತುಬಿಡುತ್ತದೆ. ಗಮನವಿಟ್ಟು ನೋಡಿ.

ಮೂರನೇ ಎಪಿಸೋಡ್ ನನಗೆ ಎಲ್ಲಕ್ಕಿಂತ ಇಷ್ಟ. ಅಭಿಮಾನಿಗಳು ಇದರ ಬಗ್ಗೆ ಕಮ್ಮಿ ಮಾತಾಡುತ್ತಾರೆ. ಕ್ಲಾಸ್ ಲೀಡರ್ ನಿನಾಮೊರಿ ಊರಿನ ಮೇಯರ್ ಮಗಳು. ಅಪ್ಪನಿಗೆ ಬೇರೆ ಸಂಬಂಧ ಇದೆ ಅನ್ನುವ ಸುದ್ದಿ ಊರೆಲ್ಲ ಹರಡಿದೆ. ಶಾಲೆಯಲ್ಲಿ ‘ಬೂಟು ಹಾಕಿದ ಬೆಕ್ಕು’ ನಾಟಕ. ನವೊತಾ ಜೊತೆ ತಾನೇ ಮುಖ್ಯ ಪಾತ್ರ ಮಾಡಬೇಕು ಅಂತ ಅವಳು ಕ್ಲಾಸಿನ ವೋಟನ್ನೇ ತಿರುಚಿದ್ದಾಳೆ. ಆ ಹಳೆಯ ಕತೆಯಲ್ಲಿ ಬೆಕ್ಕು ತನ್ನ ಬಡ ಯಜಮಾನನನ್ನು ದೊಡ್ಡ ಜಮೀನ್ದಾರ ಅಂತ ಸುಳ್ಳು ಹೇಳಿ ನಂಬಿಸುತ್ತದೆ, ಕೊನೆಗೆ ಅವನು ಹಾಗೇ ಆಗಿಬಿಡುತ್ತಾನೆ. ನಿನಾಮೊರಿಗೂ ಅದೇ ಆಸೆ. ನಾಟಕಕ್ಕೆ ಅಪ್ಪ ಅಮ್ಮ ಒಟ್ಟಿಗೆ ಬಂದು ಕೂತರೆ, ಎಲ್ಲ ಸರಿ ಇದೆ ಅಂತ ತಾನು ಕೊನೆ ತನಕ ನಟಿಸಿದರೆ, ನಿಜವಾಗಲೂ ಎಲ್ಲ ಸರಿಯಾಗಬಹುದು. ಅಷ್ಟರಲ್ಲಿ ನವೊತಾನ ತಲೆಯಲ್ಲಿದ್ದುದು ಡಿಕ್ಕಿ ಹೊಡೆದಾಗ ಅವಳ ತಲೆಗೆ ದಾಟುತ್ತದೆ. ರೋಬೋ ಅವಳಿಂದ ಹೊರಬರುತ್ತದೆ.

ಈಗ ಇಲ್ಲಿ ಯೋಚನೆ ಮಾಡಿ. ರೋಬೋ ಅಂದರೆ ಹುಡುಗರ ಹರೆಯ ಅಷ್ಟೇ ಆಗಿದ್ದರೆ ನಿನಾಮೊರಿಯ ತಲೆಗೆ ಅದು ಯಾಕೆ ಬರಬೇಕು? ಬಾಯಿಬಿಟ್ಟು ಹೇಳಲಾಗದ್ದನ್ನು ನಗುಮುಖದಲ್ಲಿ ಮುಚ್ಚಿಟ್ಟುಕೊಂಡವರ ತಲೆ ಒಡೆದು ಬರುತ್ತದೆ ಅಂದರೆ ಸರಿಯಾಗಿ ಕೂರುತ್ತದೆ. ಅಪ್ಪ ಅಮ್ಮನ ಜಗಳ ಕ್ಲಾಸಿನಲ್ಲಿ ಯಾರಿಗೂ ತಿಳಿಯದಿರಲಿ ಅಂತ ಫಸ್ಟ್ ಬೆಂಚಿನಲ್ಲಿ ಕೂತು ಚೆನ್ನಾಗಿ ಓದುವ ಮಕ್ಕಳನ್ನು ನಾವೂ ನೋಡಿದ್ದೇವೆ. ಈ ಎಪಿಸೋಡ್ ಅಂಥವರದು.

ನಾಲ್ಕನೆಯದು ಬೇಸ್‌ಬಾಲ್ ಎಪಿಸೋಡ್. ನವೊತಾ ಅಣ್ಣನ ಬ್ಯಾಟ್ ಸದಾ ಹೊತ್ತು ತಿರುಗುತ್ತಾನೆ. ಆದರೆ ಬೀಸುವುದಿಲ್ಲ. ಬೀಸಿದರೆ ಅಣ್ಣನಷ್ಟು ಆಗುವುದಿಲ್ಲ ಅಂತ ಗೊತ್ತಾಗಿಬಿಡುತ್ತದೆ. ಆಕಾಶದಿಂದ ಚೆಂಡಿನಂತೆ ಉಪಗ್ರಹವೊಂದು ಊರಿನ ಮೇಲೆ ಬೀಳುತ್ತದೆ. ಆಗ ಬ್ಯಾಟಿನ ಬದಲು ಗಿಟಾರ್ ಹಿಡಿದು ಬೀಸುತ್ತಾನೆ. ಇದರ ಅರ್ಥದಲ್ಲಿ ಅಭಿಮಾನಿಗಳಲ್ಲಿ ಅಷ್ಟಾಗಿ ಜಗಳವಿಲ್ಲ.

ಐದನೆಯದರಲ್ಲಿ ಗುಂಡೇಟು, ಓಟ, ಅಮೆರಿಕದ ‘ಸೌತ್ ಪಾರ್ಕ್’ ಕಾರ್ಟೂನ್ ಶೈಲಿಯ ಚಿತ್ರ ಎಲ್ಲ ಬಂದು ಹೋಗುತ್ತವೆ. ನವೊತಾ ಗೆದ್ದವನಂತೆ ಬೀಗುತ್ತಾನೆ, ಮಾಮಿಮಿ ಜೊತೆ ತಾನೇ ಅಣ್ಣನಂತೆ ನಡೆದುಕೊಳ್ಳಲು ಹೋಗಿ ಏಟು ತಿನ್ನುತ್ತಾನೆ.

ಇಸ್ತ್ರಿ ಪೆಟ್ಟಿಗೆ ಆಕಾರದ ಫ್ಯಾಕ್ಟರಿ ಬಗ್ಗೆ ತುಂಬಾ ಸಿದ್ಧಾಂತಗಳಿವೆ. ಬಂಡವಾಳಶಾಹಿ ಅನ್ನುತ್ತಾರೆ, ಶಾಲೆ ಅನ್ನುತ್ತಾರೆ, ದೊಡ್ಡವರ ಲೋಕ ಅನ್ನುತ್ತಾರೆ. ಕತೆಯೊಳಗೇ ಸುಳಿವು ಇದೆ. ಮೆದುಳಿನ ಸುಕ್ಕುಗಳನ್ನೆಲ್ಲ ತಿಕ್ಕಿ ಸಪಾಟು ಮಾಡಿ ಯಾರೂ ಯೋಚಿಸದಂತೆ ಮಾಡುವುದು ಅದರ ಕೆಲಸ. ಇದಕ್ಕಿಂತ ಜಾಸ್ತಿ ಅಗೆಯುವ ಅಗತ್ಯ ನನಗೆ ಕಾಣುವುದಿಲ್ಲ.

ಹರುಕೊ ವಿಷಯದಲ್ಲಿ ಮಾತ್ರ ನೋಡುಗರ ಅಭಿಪ್ರಾಯ ವಯಸ್ಸಿನ ಜೊತೆ ಬದಲಾಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಹದಿನಾಲ್ಕು ಹದಿನೈದರಲ್ಲಿ ನೋಡಿದವರಿಗೆ ಅವಳೇ ನಾಯಕಿ. ಗಿಟಾರ್, ವೆಸ್ಪಾ, ಯಾರ ಮಾತೂ ಕೇಳದ ಧೈರ್ಯ. ಅದೇ ಜನ ಮೂವತ್ತು ದಾಟಿ ಮತ್ತೆ ನೋಡಿದಾಗ ಅವಳ ಮೇಲೆ ಸಿಟ್ಟು ಬರುತ್ತದೆ. ಒಂದು ಮಗುವನ್ನು ಬಾಗಿಲಿನಂತೆ ಬಳಸಿ ದಾಟಿ ಹೋಗುವವಳಂತೆ ಕಾಣುತ್ತಾಳೆ. ಮೊದಲ ಸಲ ನೋಡುವಾಗ ಕಣ್ಣಿಗೇ ಬೀಳದ ಅಮರಾವೊ ಈಗ ಮನಸ್ಸಿಗೆ ನಾಟುತ್ತಾನೆ. ವಲಸೆ ಇಲಾಖೆಯ ಅಧಿಕಾರಿ, ಕಡಲಪಾಚಿಯ ಹಾಳೆಯಂಥ ದಪ್ಪ ನಕಲಿ ಹುಬ್ಬು ಅಂಟಿಸಿಕೊಂಡವನು. ಅವನೂ ಹಿಂದೆ ಹರುಕೊ ಬಲೆಗೆ ಬಿದ್ದವನೇ. ನವೊತಾಗೆ ಹುಷಾರಾಗಿರು ಅನ್ನುತ್ತಾನೆ. ಆದರೆ ಅವನಿಗೇ ಅವಳ ಗುಂಗು ಬಿಟ್ಟಿಲ್ಲ. ದೊಡ್ಡವನಂತೆ ವೇಷ ಹಾಕಿಕೊಂಡು ಒಳಗೆ ಬೆಳೆಯದೇ ಉಳಿದರೆ ನವೊತಾ ಏನಾಗಬಹುದು ಅನ್ನುವುದನ್ನು ಅಮರಾವೊ ತೋರಿಸುತ್ತಾನೆ.

ಇದು ಕೊನೆಯ ಎಪಿಸೋಡಿಗೆ ಕರೆದೊಯ್ಯುತ್ತದೆ. ಇಲ್ಲಿ ಜಗಳ ಜಾಸ್ತಿ. ಅಟೊಮ್ಸ್ಕ್‌ನ ಶಕ್ತಿ ನವೊತಾಗೆ ಸಿಗುತ್ತದೆ. ಹರುಕೊ ಎದುರಿಗಿದ್ದಾಳೆ. ಗಿಟಾರ್ ಎತ್ತಿದ್ದಾನೆ, ಹೊಡೆದರೆ ಮುಗಿಯಿತು. ಹೊಡೆಯುವುದಿಲ್ಲ. ನಿನ್ನನ್ನು ಪ್ರೀತಿಸುತ್ತೇನೆ ಅನ್ನುತ್ತಾನೆ. ಅಟೊಮ್ಸ್ಕ್ ಹಾರಿಹೋಗುತ್ತಾನೆ. ಹರುಕೊ ನೀನಿನ್ನೂ ಚಿಕ್ಕವನು ಅಂತ ಹೇಳಿ, ಗಿಟಾರ್ ನವೊತಾನ ಹತ್ತಿರ ಬಿಟ್ಟು, ಅಟೊಮ್ಸ್ಕ್ ಹಿಂದೆ ಹೊರಟುಹೋಗುತ್ತಾಳೆ.

ನವೊತಾ ಸೋತ ಅನ್ನುವವರು ಇದ್ದಾರೆ. ತನ್ನನ್ನು ಬಳಸಿಕೊಂಡವಳಿಗೆ ಪ್ರೀತಿ ಹೇಳುವುದು ಏನು ಬೆಳವಣಿಗೆ ಅನ್ನುವುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ನಾನು ನೋಡುವುದು ಹೀಗೆ. ಆರು ಎಪಿಸೋಡಿನಲ್ಲಿ ಈ ಹುಡುಗ ತನಗೆ ಬೇಕಾದ್ದನ್ನು ತನ್ನ ಬಾಯಿಂದ ನೇರವಾಗಿ ಹೇಳಿದ್ದು ಇದೊಂದೇ ಸಲ. ಮೊದಲಿನಿಂದ ಅವನ ಮಾತು ಒಂದೇ, ಈ ಊರಿನಲ್ಲಿ ವಿಶೇಷ ಏನೂ ನಡೆಯುವುದಿಲ್ಲ, ಎಲ್ಲ ಮಾಮೂಲಿ. ದೊಡ್ಡವರಂತೆ ಕಾಣಬೇಕು ಅಂತ ಏನೂ ಬೇಡದವನ ಥರ ನಟಿಸುತ್ತಿದ್ದ. ಕೊನೆಯಲ್ಲಿ ಆ ನಟನೆ ಬಿಟ್ಟ. ಹೇಳಿದ ಕೂಡಲೇ ಅವಳು ಅವನಿಗೆ ಸಿಗಬೇಕಾಗಿಲ್ಲ. ಸಿಗದಿದ್ದದ್ದು ಒಳ್ಳೆಯದೇ ಆಯಿತು. ಮಾಮಿಮಿ ಕೂಡ ಫೋಟೋ ತೆಗೆಯುವ ಕೆಲಸ ಹುಡುಕಿಕೊಂಡು ಊರು ಬಿಡುತ್ತಾಳೆ. ಅವಳಿಗೂ ತಕ್ಕುನ್ ಇಲ್ಲದೆ ನಡೆಯುವ ದಾರಿ ಸಿಕ್ಕಿತು.

ಹಾಡುಗಳ ಬಗ್ಗೆ ಹೇಳದಿದ್ದರೆ ಉತ್ತರ ಅರ್ಧವಾಗುತ್ತದೆ. ಹಿನ್ನೆಲೆಯ ಹಾಡುಗಳು ಜಪಾನಿನ ‘ದಿ ಪಿಲ್ಲೋಸ್’ ರಾಕ್ ತಂಡದವು. ಹೆಚ್ಚಿನವು ಸರಣಿಗಾಗಿ ಬರೆದವಲ್ಲ, ಅದಕ್ಕೆ ಮುಂಚಿನ ಕೆಲವು ವರ್ಷಗಳಲ್ಲಿ ಬಂದ ಆಲ್ಬಮ್‌ಗಳಿಂದ ತಗೊಂಡವು. ಹುಡುಗ ಬಾಯಲ್ಲಿ ಹೇಳದ್ದನ್ನು ಗಿಟಾರ್ ಹೇಳುತ್ತದೆ. ‘ಅರ್ಥ ಆಗಲಿಲ್ಲ, ಆದರೆ ಯಾಕೋ ಅಳು ಬಂತು’ ಅನ್ನುವ ಮಾತನ್ನು ಈ ಸರಣಿಯ ನೋಡುಗರಿಂದ ತುಂಬಾ ಕೇಳಿದ್ದೇನೆ. ಆ ಅಳುವಿನಲ್ಲಿ ಹಾಡುಗಳ ಪಾಲು ದೊಡ್ಡದು. ಮಾತು ಕೈಕೊಟ್ಟರೂ ಹಾಡು ಹಿಡಿದು ನಡೆಸುತ್ತದೆ.

ನೋಡಿದ ರೀತಿಯೂ ಪ್ರತಿಕ್ರಿಯೆಯನ್ನು ಬದಲಾಯಿಸಿತು. ಜಪಾನಿನಲ್ಲಿ ಇದು ಟೀವಿಗೆ ಬಂದ ಸರಣಿಯಾಗಿರಲಿಲ್ಲ. 2000ದ ಏಪ್ರಿಲ್‌ನಿಂದ 2001ರ ಮಾರ್ಚ್‌ವರೆಗೆ ಬಿಡಿ ಬಿಡಿಯಾಗಿ ವಿಡಿಯೋದಲ್ಲಿ ಬಂತು. ಒಂದು ಕಂತಿಗೂ ಇನ್ನೊಂದಕ್ಕೂ ನಡುವೆ ಸುಮಾರು ಎರಡು ತಿಂಗಳ ಸಮಯ. ದುಡ್ಡು ಕೊಟ್ಟು ಕೊಂಡವರು ಮತ್ತೆ ಮತ್ತೆ ನೋಡುತ್ತಾ, ಯೋಚಿಸುತ್ತಾ ಮುಂದಿನದಕ್ಕೆ ಕಾದರು. ಅಮೆರಿಕದಲ್ಲಿ 2003ರ ಆಗಸ್ಟ್‌ನಲ್ಲಿ ಅಡಲ್ಟ್ ಸ್ವಿಮ್ ಚಾನೆಲ್ ರಾತ್ರಿ ಹೊತ್ತು ಹಾಕಿತು, ಆಮೇಲೆ ಎಷ್ಟೋ ಸಲ ಮರುಪ್ರಸಾರವಾಯಿತು. ಮನೆಯವರೆಲ್ಲ ಮಲಗಿದ ಮೇಲೆ ಟೀವಿ ಹಾಕಿದ ಹುಡುಗರು ಎಲ್ಲೋ ನಡುವಿನಿಂದ ನೋಡಿದರು. ತಲೆಬುಡ ತಿಳಿಯದೆಯೇ ಪ್ರೀತಿಸಿದರು. ಅಲ್ಲಿ ಅದು ಅಷ್ಟು ದೊಡ್ಡ ಹೆಸರು ಮಾಡಿದ್ದರಿಂದಲೇ ಹದಿನೈದು ವರ್ಷ ಬಿಟ್ಟು ಅದೇ ಚಾನೆಲ್ ಮುಂದಿನ ಸೀಸನ್‌ಗಳಿಗೆ ಕೈಹಾಕಿತು. ನೀವು ಆರನ್ನೂ ಒಂದೇ ಸಲ ಕೂತು ನೋಡಿದ್ದರೆ ತಲೆ ತಿರುಗಿದ್ದು ಸಹಜ. ಮತ್ತೆ ನೋಡುವಾಗ ದಿನಕ್ಕೊಂದರಂತೆ ನೋಡಿ.

ಆ ಮುಂದಿನ ಸೀಸನ್‌ಗಳ ವಿಷಯ. 2018ರಲ್ಲಿ ‘ಪ್ರೊಗ್ರೆಸಿವ್’ ಮತ್ತು ‘ಆಲ್ಟರ್ನೇಟಿವ್’ ಬಂದವು, 2023ರಲ್ಲಿ ‘ಗ್ರಂಜ್’ ಮತ್ತು ‘ಶೂಗೇಜ್’. ತ್ಸುರುಮಾಕಿ ಇವುಗಳನ್ನು ತಾವೇ ನಿರ್ದೇಶಿಸಲಿಲ್ಲ. ಹಳೆಯ ಅಭಿಮಾನಿಗಳಲ್ಲಿ ತುಂಬಾ ಜನಕ್ಕೆ ನಿರಾಸೆಯಾಯಿತು. ‘ಪ್ರೊಗ್ರೆಸಿವ್’ ಹರುಕೊಳನ್ನು ಇಬ್ಬರಾಗಿ ಒಡೆದು, ಅಟೊಮ್ಸ್ಕ್ ಹಿಂದಿನ ಅವಳ ಓಟವನ್ನೇ ಕತೆಯ ನಡುವೆ ಇಟ್ಟಿತು. ಮೊದಲ ಸರಣಿಯಲ್ಲಿ ನೆಪವಾಗಿದ್ದದ್ದು ಇಲ್ಲಿ ವಿಷಯವಾಯಿತು. ಹೊಡೆದಾಟ ಜೋರಾಗಿದೆ, ಅದರ ಹಿಂದೆ ಗಂಟಲಲ್ಲಿ ಸಿಕ್ಕ ಮಾತು ಕಮ್ಮಿ. ‘ಆಲ್ಟರ್ನೇಟಿವ್’ ಬೇರೆ. ಹೈಸ್ಕೂಲಿನ ನಾಲ್ವರು ಗೆಳತಿಯರು, ಎಲ್ಲರ ಸಮಸ್ಯೆ ತಾನೇ ಬಿಡಿಸುತ್ತೇನೆ ಅಂತ ಓಡಾಡುವ ಕಾನಾ. ನಿಧಾನವಾಗಿ ಶುರುವಾಗುತ್ತದೆ, ಕೆಲವರಿಗೆ ಸಪ್ಪೆ ಅನಿಸಿತು. ಆದರೆ ಅದು ಗೆಳತಿಯರಿಂದ ಶುರುವಾಗುತ್ತದೆ, ರೋಬೋ ಆಮೇಲೆ ಬರುತ್ತದೆ. ಅದಕ್ಕೇ ನನಗೆ ಇಷ್ಟ. ನೋಡುವುದಾದರೆ ಇದನ್ನು ನೋಡಿ. ತ್ಸುರುಮಾಕಿ ಮತ್ತು ಎನೊಕಿದೊ ಜೋಡಿಯ ಕೆಲಸವೇ ಬೇಕು ಅಂದರೆ, 2025ರ ದೈತ್ಯ ರೋಬೋಗಳ ಗುಂಡಮ್ ಸರಣಿ ‘ಜೀಕ್ವಾಕ್ಸ್’ ಇದೆ. ಮಾಮೂಲಿ ಬದುಕಿನಲ್ಲಿ ಉಸಿರುಕಟ್ಟಿದ ಶಾಲೆಯ ಹುಡುಗಿಗೆ ಒಬ್ಬರು ಡಿಕ್ಕಿ ಹೊಡೆದು ಎಲ್ಲ ತಲೆಕೆಳಗಾಗುವುದನ್ನು ನೋಡಿದಾಗ ಹಳೆಯ ಅಭಿಮಾನಿಗಳಿಗೆ ಮಬಾಸೆ ನೆನಪಾಗಿದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನು ನಿಮ್ಮ ತಂಗಿ. ಈಗಲೇ ಬೇಡ ಅನ್ನುವುದು ನನ್ನ ಸಲಹೆ. ಹೊಡೆದಾಟಕ್ಕೆ ಹೆದರಿ ಹೇಳುತ್ತಿಲ್ಲ. ಮಾಮಿಮಿ, ಹರುಕೊ ಇಬ್ಬರೂ ನವೊತಾ ಜೊತೆ ನಡೆದುಕೊಳ್ಳುವ ರೀತಿಯನ್ನು ಸರಣಿ ನಗುತ್ತಾ ತೋರಿಸುತ್ತದೆ. ಆ ನಗುವಿನ ಹಿಂದೆ ತಪ್ಪು ಇದೆ ಅಂತ ಗುರುತಿಸಲು ಸ್ವಲ್ಪ ವಯಸ್ಸಾಗಬೇಕು. ಎಂಟನೇ ಕ್ಲಾಸಿನ ಹುಡುಗಿಗೆ ಹರುಕೊ ಬರೀ ಗಿಟಾರ್ ಹಿಡಿದ ಹೀರೋ ಆಗಿಬಿಡಬಹುದು. ಪಿಯುಸಿಗೆ ಬರಲಿ, ಆಗ ನೀವೂ ಜೊತೆಗೆ ಕೂತು ನೋಡಿ. ‘ಬೇಡ’ ಅಂತ ಹೇಳುವಾಗ ಕಾರಣವನ್ನೂ ಅವಳಿಗೆ ಬಿಡಿಸಿ ಹೇಳಿ. ನವೊತಾನ ಮನೆಯಲ್ಲಿ ಅವನಿಗೆ ಏನನ್ನೂ ವಿವರಿಸಿ ಹೇಳುವ ದೊಡ್ಡವರು ಯಾರೂ ಇರಲಿಲ್ಲ, ನೀವು ಇದ್ದೀರಿ.